ಸಾಲ ಮಾಡಿ ದೊಡ್ಡ ಛತ್ರ ಹಿಡಿಯಬೇಕಾ?

ತಂಗಿಯ ಮದುವೆಗೆ ಸಾಲ ಮಾಡಿ ದೊಡ್ಡ ಛತ್ರ ಹಿಡಿಯದಿದ್ದರೆ ಮರ್ಯಾದೆ ಹೋಗುತ್ತದಾ ಎಂದು ಕೇಳಿದ್ದೀರಿ. ಹೋಗಲ್ಲ ಸಾರ್. ಜನ ನಾಲ್ಕು ದಿನ ಮಾತಾಡುತ್ತಾರೆ, ಅಷ್ಟೇ.

ನಮ್ಮ ಕಡೆ ಮುಯ್ಯಿ ಪುಸ್ತಕ ಇರುತ್ತಿತ್ತು. ಯಾರು ಎಷ್ಟು ಕೊಟ್ಟರು ಎಂದು ಬರೆದಿಟ್ಟು, ಅವರ ಮನೆ ಮದುವೆಗೆ ಅಷ್ಟೋ, ಸ್ವಲ್ಪ ಜಾಸ್ತಿಯೋ ವಾಪಸ್ ಕೊಡುತ್ತಿದ್ದರು. ಖರ್ಚಿನ ಭಾರ ನೆಂಟರಿಗೆಲ್ಲ ಹಂಚಿಹೋಗುತ್ತಿತ್ತು. ಈಗ ಪಕ್ಕದವರು ಡ್ರೋನ್ ತರಿಸಿದರೆ ನಾವೂ ತರಿಸಬೇಕು. ಅವರೂ ಸಾಲದಲ್ಲೇ ಇರಬಹುದು. ಅದನ್ನು ಯಾರೂ ಫ್ಲೆಕ್ಸ್‌ನಲ್ಲಿ ಹಾಕಿಸಲ್ಲ ಅಲ್ವಾ!

ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ಮದುವೆ ನಡೆಯುತ್ತಿದೆ. ಅದು ಬೇಡವೆನಿಸಿದರೆ ಊರ ದೇವಸ್ಥಾನದಲ್ಲಿ ತಾಳಿ, ಮನೆ ಮುಂದೆ ಚಪ್ಪರ, ಇನ್ನೂರು ಜನಕ್ಕೆ ಒಳ್ಳೆ ಊಟ. ಅಂದಹಾಗೆ, ತಂಗಿಯನ್ನು ಒಂದು ಮಾತು ಕೇಳಿದಿರಾ?