ಶೃಂಗ ರೂಪವನ್ನು ಆದರ್ಶ ರೂಪಕ್ಕೆ ವಿಸ್ತರಿಸುವಾಗ ಉತ್ತರ ತಪ್ಪುತ್ತಿದೆ, ಸೂತ್ರವನ್ನೇ ಕಂಠಪಾಠ ಮಾಡಲೇ?

ನೀವು −3(ಎಕ್ಸ್ + 2)² + 7 ಎಂಬ ಶೃಂಗ ರೂಪವನ್ನು, ಅಂದರೆ ಪರವಲಯವೆಂಬ ವಕ್ರರೇಖೆ ತಿರುಗುವ ತುದಿಬಿಂದು (ಶೃಂಗ) ನೇರವಾಗಿ ಕಾಣುವ ರೂಪವನ್ನು, ಆವರಣವಿಲ್ಲದ ಆದರ್ಶ ರೂಪಕ್ಕೆ ವಿಸ್ತರಿಸಿ 9ಎಕ್ಸ್² + 36ಎಕ್ಸ್ + 43 ಎಂದು ಬರೆದಿರುವುದನ್ನು ನೋಡಿದೊಡನೆ ಬಾಗಲಕೋಟೆಯ ನವನಗರದ ಒಂದು ಕರಿಹಲಗೆ ನನ್ನ ಕಣ್ಣಮುಂದೆ ಬಂದಿತು.

ಅಲ್ಲಿನ ಪದವಿಪೂರ್ವ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನ ಹುದ್ದೆಗಾಗಿ ಮಾದರಿ ಪಾಠ ಮಾಡುತ್ತಿದ್ದೆ. ಹಲಗೆಯ ಮೇಲೆ 2(ಎಕ್ಸ್ − 3)² + 5 ಎಂದು ಬರೆದು, ಒಂದು ಹಂತ ಉಳಿಸುವ ಅವಸರದಲ್ಲಿ ಹೊರಗಿನ 2ನ್ನು ಆವರಣದೊಳಕ್ಕೆ ಗುಣಿಸಿ (2ಎಕ್ಸ್ − 6)² ಮಾಡಿದೆ. ಉತ್ತರ 4ಎಕ್ಸ್² − 24ಎಕ್ಸ್ + 41 ಎಂದಾಯಿತು. ವರ್ಗ ಮಾಡುವ ಮೊದಲೇ ಒಳಗೆ ಹೋದ 2 ತಾನೂ ವರ್ಗವಾಗಿ 4 ಆಗಿಬಿಟ್ಟಿತ್ತು.

ಅಷ್ಟಕ್ಕೇ ನಿಂತಿದ್ದರೆ ಸಂದರ್ಶಕರು ಅವಸರವೆಂದು ಮನ್ನಿಸುತ್ತಿದ್ದರೇನೋ. ನಾನು ಮುಂದುವರಿದು ತಾಳೆಯನ್ನೂ ನೋಡಿದೆ. ಎಕ್ಸ್‌ಗೆ 3 ಹಾಕಿದರೆ 36 − 72 + 41, ಅಂದರೆ 5. ಶೃಂಗ ಸರಿಯಾಗಿಯೇ ಬಂದಿತು. ಸಹಗುಣಕಗಳಿಂದ (ಎಕ್ಸ್², ಎಕ್ಸ್‌ಗಳ ಮುಂದಿನ ಸಂಖ್ಯೆಗಳಿಂದ) ಸಮ್ಮಿತಿಯ ಅಕ್ಷವನ್ನು, ಅಂದರೆ ಶೃಂಗದ ಮೂಲಕ ಹಾದು ಪರವಲಯವನ್ನು ಸಮಭಾಗ ಮಾಡುವ ಗೆರೆಯನ್ನು, ತೆಗೆದರೂ 24 ಭಾಗಿಸು 8, ಮತ್ತೆ 3. ಶೃಂಗದಲ್ಲಿ ಆವರಣದ ಬೆಲೆಯೇ ಸೊನ್ನೆಯಾಗುವುದರಿಂದ, ಅದರ ಮುಂದೆ 2 ಇರಲಿ, 4 ಇರಲಿ, ಆ ಬಿಂದುವಿನಲ್ಲಿ ವ್ಯತ್ಯಾಸ ಕಾಣಿಸುವುದೇ ಇಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ಹಿರಿಯ ಉಪನ್ಯಾಸಕರೊಬ್ಬರು, ‘ಎಕ್ಸ್‌ಗೆ ಸೊನ್ನೆ ಹಾಕಿ ನೋಡ್ರಿ’ ಎಂದರು. ಮೂಲದಲ್ಲಿ 18 + 5, ಅಂದರೆ 23. ನನ್ನ ಉತ್ತರದಲ್ಲಿ 41. ಸರಿಯಾದ ವಿಸ್ತರಣೆ 2(ಎಕ್ಸ್² − 6ಎಕ್ಸ್ + 9) + 5, ಅಂದರೆ 2ಎಕ್ಸ್² − 12ಎಕ್ಸ್ + 23. ಆ ಹುದ್ದೆ ನನಗೆ ಸಿಗಲಿಲ್ಲ.

ಆದ್ದರಿಂದ ಸೂತ್ರ ಕಂಠಪಾಠ ಮಾಡಬೇಕೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಶೃಂಗದ ಬೆಲೆಗಳನ್ನು ಹಾಕಿ ಸಹಗುಣಕಗಳನ್ನು ನೇರವಾಗಿ ಬರೆಯುವ ಸೂತ್ರ ಹಿಡಿದರೆ ಚಿಹ್ನೆ ತಪ್ಪಲು ಇನ್ನೊಂದು ಜಾಗ ಸಿಗುತ್ತದೆ. ನಿಮ್ಮ ಲೆಕ್ಕದಲ್ಲಿ ಶೃಂಗದ ಎಕ್ಸ್ ಬೆಲೆ −2 ಎಂಬುದನ್ನು ಎಷ್ಟೋ ವಿದ್ಯಾರ್ಥಿಗಳು 2 ಎಂದೇ ಹಾಕುತ್ತಾರೆ. ಮೊದಲು ವರ್ಗ ಮಾಡಿ, ಆಮೇಲೆ ಮೂರೂ ಪದಗಳನ್ನು ಹೊರಗಿನ ಸಂಖ್ಯೆಯಿಂದ ಗುಣಿಸಿ, ಕೊನೆಗೆ ಸ್ಥಿರಾಂಕ ಕೂಡಿಸಿ. ಎಕ್ಸ್²ದ ಸಹಗುಣಕ ಹೊರಗಿನ ಸಂಖ್ಯೆಯೇ ಆಗಿದ್ದು, ಸೊನ್ನೆಯಲ್ಲಿಯೂ ಶೃಂಗದಲ್ಲಿಯೂ ಬೆಲೆ ಹೊಂದಿದರೆ ತಪ್ಪು ಅಡಗಲು ಜಾಗವಿರುವುದಿಲ್ಲ.

ನಿಮ್ಮದರಲ್ಲಿ ಸೊನ್ನೆ ಹಾಕಿದರೆ −12 + 7, ಅಂದರೆ −5 ಬರಬೇಕು. ಉತ್ತರ −3ಎಕ್ಸ್² − 12ಎಕ್ಸ್ − 5. ನೀವು ಬರೆದ ರೂಪದಲ್ಲಿ −3 ಹೋಗಿ 9 ಬಂದಿರುವುದರಿಂದ, ಕೆಳಮುಖವಾಗಿ ತೆರೆದಿರಬೇಕಾದ ಪರವಲಯವು ಮೇಲ್ಮುಖವಾಗಿದೆ, ಗರಿಷ್ಠ ಬೆಲೆಯಾಗಿದ್ದ 7 ಕನಿಷ್ಠ ಬೆಲೆಯಾಗಿದೆ.