ನಾಲ್ಕು ಪುಟದಲ್ಲಿ ಇಲ್ಲದ ಅವ್ವ

ಕಡೂರು ತಾಲ್ಲೂಕಿನ ನಿವೃತ್ತ ಉಪಾಧ್ಯಾಯರೊಬ್ಬರು ಬರೆದ ಪತ್ರದ ಮುಖ್ಯಭಾಗ ಹೀಗಿದೆ: "ನಮ್ಮವ್ವ ತೊಂಬತ್ತೆರಡು ವರ್ಷ ಬದುಕಿ ತೀರಿಕೊಂಡಳು. ಅವಳ ಬಗ್ಗೆ ಬರೆದು ಕಳಿಸಿದ ನುಡಿನಮನವನ್ನು ತಾವು ಹಿಂದಿರುಗಿಸಿದ್ದೀರಿ. ಶಾಸಕರು, ಕಲಾವಿದರು ತೀರಿಕೊಂಡರೆ ಪುಟಗಟ್ಟಲೆ ಬರೆಯುವ ಪತ್ರಿಕೆಗೆ ಹೊಲದಲ್ಲಿ ಸವೆದ ಹೆಂಗಸಿನ ಬದುಕು ಬೇಡವಾಯಿತೇ? ಅವಳು ಸಾಧನೆ ಅಂತ ಏನೂ ಮಾಡಲಿಲ್ಲ ನಿಜ, ದುಡಿದಳು ಅಷ್ಟೆ."

ಮಾನ್ಯ ಮೇಷ್ಟ್ರೇ,

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಬರಹವನ್ನು ಹಿಂದಿರುಗಿಸುವಾಗ ಕಾರಣ ತಿಳಿಸದೆ ಅಚ್ಚು ಹಾಕಿಸಿಟ್ಟ ಚೀಟಿಯೊಂದನ್ನು ಲಗತ್ತಿಸಿದ್ದು ನಮ್ಮ ತಪ್ಪು. ಆ ಕಾರಣವನ್ನು ಈಗ ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನಾಲ್ಕು ಪುಟದ ಆ ಬರಹದಲ್ಲಿ ನಿಮ್ಮ ತಾಯಿಯವರು ತ್ಯಾಗಮಯಿ, ಸಹನಾಮೂರ್ತಿ, ಕ್ಷಮಯಾ ಧರಿತ್ರಿ, ಸಾಕ್ಷಾತ್ ಅನ್ನಪೂರ್ಣೆ ಎಲ್ಲವೂ ಆಗಿದ್ದಾರೆ. ಒಂದೇ ಒಂದು ಕಡೆಯೂ ಕೈಯಲ್ಲಿ ಕುಡುಗೋಲು ಹಿಡಿದಿಲ್ಲ. ಹೆಸರೊಂದನ್ನು ಬದಲಿಸಿದರೆ ಅದು ಯಾರ ತಾಯಿಗೆ ಬೇಕಾದರೂ ಒಪ್ಪುವ ಬರಹವಾಗಿತ್ತು. ಆದರೆ ಅದು ವಾಪಸು ಬಂದ ಸಿಟ್ಟಿನಲ್ಲಿ ನೀವು ಬರೆದ ಈ ಒಂದೂವರೆ ಪುಟದ ಪತ್ರವಿದೆಯಲ್ಲ, ಅದರಲ್ಲಿ ಅವರು ಇದ್ದಾರೆ. ನಮ್ಮೊಡನೆ ಜಗಳವಾಡುವ ಭರದಲ್ಲಿ, ಅವ್ವ ಆಂಗೀರಸ ಸಂವತ್ಸರದ ರಾಗಿ ಕೊಯ್ಲಿನಲ್ಲಿ ಹುಟ್ಟಿದವಳು, ಹದಿನೈದಕ್ಕೆ ಮದುವೆಯಾಗಿ ಬಂದವಳು, ಹನ್ನೆರಡು ಜನರ ಮನೆಗೆ ದಿನಕ್ಕೆ ಐದು ಸೇರು ರಾಗಿ ಬೀಸುತ್ತಿದ್ದವಳು, ಅವರೆ ಬೀಜವನ್ನು ಬೂದಿಯಲ್ಲಿ ಬೆರೆಸಿ ಸೋರೆಬುರುಡೆಯಲ್ಲಿ ತುಂಬಿಡುತ್ತಿದ್ದವಳು ಎಂದೆಲ್ಲ ಬರೆದುಬಿಟ್ಟಿದ್ದೀರಿ. ನಮಗೆ ಬೇಕಾಗಿದ್ದದ್ದು ಇದೇ.

ವಯಸ್ಸಿನ ವಿಚಾರವನ್ನೇ ಮೊದಲು ನೋಡೋಣ. ಆಂಗೀರಸ ಸಂವತ್ಸರವು 1932ರ ಯುಗಾದಿಯಿಂದ 1933ರ ಯುಗಾದಿಯವರೆಗೆ ಇತ್ತು. ರಾಗಿ ಕೊಯ್ಲು ಎಂದರೆ ನವೆಂಬರ್ ಇಲ್ಲವೇ ಡಿಸೆಂಬರ್. ಆಧಾರ್ ಕಾರ್ಡಿನಲ್ಲಿ ಮಾತ್ರ 1-1-1940 ಎಂದಿದೆಯೆಂದು ನೀವು ಬೇಸರಪಟ್ಟಿದ್ದೀರಿ. ಹುಟ್ಟಿದ ದಿನ ಗೊತ್ತಿಲ್ಲದ ಹಳ್ಳಿಯ ಹಿರಿಯರೆಷ್ಟೋ ಮಂದಿ ನಮ್ಮ ಸರ್ಕಾರಿ ಕಾಗದಗಳಲ್ಲಿ ಜನವರಿ ಒಂದರಂದೇ ಹುಟ್ಟಿದ್ದಾರೆ. ಕಾರ್ಡು ನಂಬಿದರೆ ಅವರ ಬದುಕಿನ ಏಳು ವರ್ಷ ಬಿದ್ದುಹೋಗುತ್ತದೆ. ಆದ್ದರಿಂದ ಬರಹದಲ್ಲಿ ಅವರ ಮಾತನ್ನೇ ಇಡಿ. ಇಂಥ ಮಾತು ನೆನಪಿಗೆ ಬಾರದಿದ್ದಾಗ ಬೇರೆ ದಾರಿಗಳಿವೆ: ಮೊದಲ ಮಗು ಹುಟ್ಟಿದಾಗ ಲೆಕ್ಕ ಆಣೆಯಲ್ಲಿತ್ತೇ ನಯಾಪೈಸೆಯಲ್ಲಿತ್ತೇ ಎಂದು ಕೇಳಿದರೆ 1957ರ ಈಚೆಯೋ ಆಚೆಯೋ ಎಂಬುದು ತಿಳಿಯುತ್ತದೆ.

ಇನ್ನು ಬೀಸುವ ಕಲ್ಲು. ನಿಮ್ಮೂರಿಗೆ ಹಿಟ್ಟಿನ ಮಿಲ್ಲು ಬಂದದ್ದು 1970ರಲ್ಲಿ ಎಂದಿದ್ದೀರಿ. ಅವರು ಮನೆ ತುಂಬಿದ್ದು ಸುಮಾರು 1948ರಲ್ಲಿ. ದಿನಕ್ಕೆ ಐದು ಸೇರಾದರೆ ವರ್ಷಕ್ಕೆ 1,825 ಸೇರು, ಇಪ್ಪತ್ತೆರಡು ವರ್ಷಕ್ಕೆ ನಲವತ್ತು ಸಾವಿರ ಸೇರು ದಾಟುತ್ತದೆ. ನೂರು ಸೇರಿಗೆ ಒಂದು ಪಲ್ಲದಂತೆ ನಾನೂರು ಪಲ್ಲ. ಕಲ್ಲಿನ ಎದುರು ಬದಿಯಲ್ಲಿ ವಾರಗಿತ್ತಿ ಕೂತಿರುತ್ತಿದ್ದರು ಎಂದು ಅರ್ಧ ಕಳೆಯಿರಿ, ಹಬ್ಬ, ಬಾಣಂತನ, ತವರಿಗೆ ಹೋದ ದಿನಗಳನ್ನೂ ಕಳೆಯಿರಿ. ಆದರೂ ನೂರೈವತ್ತು ಪಲ್ಲಕ್ಕೆ ಕಡಿಮೆಯಾಗದಷ್ಟು ರಾಗಿ ಅವರೊಬ್ಬರ ತೋಳಿನಿಂದ ಹಿಟ್ಟಾಗಿದೆ. ಅದೂ ಕೋಳಿ ಕೂಗುವ ಮುಂಚೆ. ಬೆಳಗಾದ ಮೇಲೆ ಕೊಟ್ಟಿಗೆ, ಸಗಣಿ, ನೀರು, ಬುತ್ತಿ, ಹೊಲ ಎಲ್ಲವೂ ಕಾದಿರುತ್ತಿದ್ದವು. ಇಷ್ಟನ್ನು ಲೆಕ್ಕ ಹಾಕಿ ಬರೆದಿದ್ದರೆ "ತ್ಯಾಗಮಯಿ" ಎಂಬ ಪದ ನಿಮಗೆ ಬೇಕಾಗುತ್ತಲೇ ಇರಲಿಲ್ಲ.

ಸೋರೆಬುರುಡೆಯ ವಿಷಯವನ್ನು ನೀವು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ. ನನಗೆ ಅದೇ ಇಡೀ ಪತ್ರದ ತಿರುಳಾಗಿ ಕಂಡಿತು. ನಮ್ಮ ಬಯಲುಸೀಮೆಯ ರಾಗಿ ಹೊಲದಲ್ಲಿ ರಾಗಿ ಒಂದೇ ಇರುತ್ತಿರಲಿಲ್ಲ. ಕೆಲವು ಸಾಲು ಬಿಟ್ಟು ಒಂದು ಅಕ್ಕಡಿ ಸಾಲು, ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಕೂರಿಗೆ ಹಿಡಿಯುತ್ತಿದ್ದವರು ನಿಮ್ಮ ತಂದೆ, ಹಿಂದಿನಿಂದ ಅಕ್ಕಡಿ ಕಾಳು ಬಿಡುತ್ತಾ ಹೋಗುತ್ತಿದ್ದವರು ತಾಯಿ. ಯಾವ ಬೀಜ, ಎಷ್ಟು, ಹೋದ ವರ್ಷದ ಯಾವ ಗಿಡದಿಂದ ಉಳಿಸಿದ್ದು ಎಂಬ ತೀರ್ಮಾನವೆಲ್ಲ ಅವರದೇ ಆಗಿರುತ್ತಿತ್ತು. ಹಸ್ತ, ಚಿತ್ತ ಮಳೆಗಳು ಕೈಕೊಟ್ಟು ರಾಗಿ ತೆನೆ ಜೊಳ್ಳಾದ ವರ್ಷದಲ್ಲೂ ಮಾರ್ಗಶಿರದ ಇಬ್ಬನಿ ಕುಡಿದು ಅವರೆ ಕಾಯಿ ಬಿಡುತ್ತಿತ್ತು. ಬೇಳೆಕಾಳಿನ ಬೇರು ನೆಲಕ್ಕೆ ಸಾರಜನಕ ಕೂಡಿಸುತ್ತಿತ್ತು, ಹುಚ್ಚೆಳ್ಳಿನ ಹೂವು ಜೇನನ್ನು ಕರೆತರುತ್ತಿತ್ತು. ಬರದ ವರ್ಷ ಮನೆ ಉಳಿದದ್ದು ಆ ಸಾಲಿನಿಂದ ಎಂದಾದರೆ, ಆ ಮನೆಯ ಬೇಸಾಯಗಾರರು ಯಾರು? ಸಾಧನೆ ಏನೂ ಮಾಡಲಿಲ್ಲ ಎಂಬ ನಿಮ್ಮ ಮಾತನ್ನು ಇದೊಂದು ಕಾರಣಕ್ಕಾದರೂ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಕೇಳುತ್ತೇನೆ.

ಈ ಪ್ರಶ್ನೆಯನ್ನು ಕಾಗದಗಳು ಕೇಳಲೇ ಇಲ್ಲ ಎನ್ನುವುದು ನಿಜ. ಸ್ವಂತ ಹೊಲದಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸವೂ ಕೆಲಸವೇ ಎಂದು ಜನಗಣತಿಯ ಪ್ರಶ್ನೆಯಲ್ಲೇ ಬಿಡಿಸಿ ಸೇರಿಸಿದ್ದು 1991ರಲ್ಲಿ. ಆ ಹೊತ್ತಿಗೆ ನಿಮ್ಮ ತಾಯಿಯವರಿಗೆ ಐವತ್ತೆಂಟು ತುಂಬಿತ್ತು. ಎಣಿಸಲು ಬಂದವರಿಗೆ ಅಂದು ಬಾಗಿಲಲ್ಲಿ ನಿಂತು "ಮನೆಕೆಲಸ" ಎಂದು ಉತ್ತರ ಹೇಳಿದವರು ಬಹುಶಃ ಮನೆಯ ಗಂಡಸರೇ ಇರಬೇಕು. ನಿಮ್ಮನ್ನು ದೂರುವ ಯೋಗ್ಯತೆ ನನಗಿಲ್ಲ. ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ತಾಯಿಯ ಉದ್ಯೋಗದ ಮುಂದೆ "ಇಲ್ಲ" ಎಂದು ಬರೆದವನು ನಾನು. ಅಂದು ಬೆಳಿಗ್ಗೆ ಹಾಸನಕ್ಕೆ ಬರಲು ಬಸ್ಸಿಗೆ ಕೊಟ್ಟದ್ದು ಆಕೆಯ ಹಾಲಿನ ದುಡ್ಡು.

ಪಹಣಿಯ ಮಾತನ್ನೂ ಎತ್ತಬೇಕು, ನಿಮಗೆ ಹಿತವಾಗಲಾರದು. 1988ರಲ್ಲಿ ತಂದೆಯವರು ತೀರಿಕೊಂಡ ಮೇಲೆ ಮೂವರು ಗಂಡುಮಕ್ಕಳ ಹೆಸರಿಗೆ ಪೌತಿ ಖಾತೆಯಾಯಿತು, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ದಾಖಲಾಯಿತು ಎಂದು ನೀವೇ ಬರೆದಿದ್ದೀರಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಇಲ್ಲದೆ ತೀರಿಕೊಂಡ ಗಂಡನ ಪಾಲಿನ ಆಸ್ತಿಗೆ ಹೆಂಡತಿಯೂ ಮಕ್ಕಳಷ್ಟೇ ಹಕ್ಕುದಾರಳು. ನಿಮ್ಮ ಅಕ್ಕತಂಗಿಯರೂ ಹಾಗೆಯೇ. ಸುಮಾರು ಅರುವತ್ತು ವರ್ಷ ಆ ನೆಲದ ಕಳೆ ಕಿತ್ತವರ ಹೆಸರು ಪಹಣಿಯಲ್ಲಿ ಮಾಲೀಕರನ್ನು ನಮೂದಿಸುವ 9ನೇ ಕಲಮಿನಲ್ಲಿ ಒಮ್ಮೆಯೂ ಬರಲಿಲ್ಲ. ನಮ್ಮ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳ ಊರುಗಳಲ್ಲಿ ತುರುಗಾಳಗದಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ ಮಡಿದವನಿಗೆ ವೀರಗಲ್ಲಿದೆ, ಗಂಡನ ಚಿತೆಯೇರಿದವಳಿಗೆ ಮಾಸ್ತಿಕಲ್ಲಿದೆ. ಗಂಡ ಸತ್ತ ಮೇಲೆ ಮೂವತ್ತು ವರ್ಷಕ್ಕೂ ಮಿಕ್ಕಿ ಹೊಲ ಕಾದವಳಿಗೆ ಕಲ್ಲು ನೆಟ್ಟ ಊರನ್ನು ನಾನು ಕಂಡಿಲ್ಲ. ಇದನ್ನು ಬರೆಯಲು ನಿಮಗೆ ಸಂಕೋಚವಾಗುತ್ತದೆಂದು ಬಲ್ಲೆ. ಆದರೆ ಇದನ್ನು ಬಿಟ್ಟು ಅನ್ನಪೂರ್ಣೆ ಎಂದರೆ ಬರಹದ ನಾಲಿಗೆ ತೊದಲುತ್ತದೆ.

ಹೆತ್ತ ಏಳು ಮಕ್ಕಳಲ್ಲಿ ಇಬ್ಬರು ಉಳಿಯಲಿಲ್ಲ ಎಂದು ಒಂದು ಸಾಲು ಬರೆದಿದ್ದೀರಿ. ಅದನ್ನು ಹೆಚ್ಚು ಬೆಳೆಸಬೇಡಿ, ಆ ಒಂದು ಸಾಲು ಸಾಕು.

ಈಗ ಮಾಡಬೇಕಾದ ಕೆಲಸ. ನೀವು ಉಪಾಧ್ಯಾಯರಾಗಿ ಮೂವತ್ತು ವರ್ಷ ಊರಿನ ಹೊರಗಿದ್ದವರು; ಅವರ ದಿನಚರಿ ನಿಮಗಿಂತ ನಿಮ್ಮ ಅಕ್ಕನವರಿಗೂ ಮನೆಯಲ್ಲೇ ಉಳಿದ ತಮ್ಮನ ಹೆಂಡತಿಗೂ ಚೆನ್ನಾಗಿ ಗೊತ್ತಿರುತ್ತದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಕೇಳಿ. ಒಬ್ಬರ ನೆನಪನ್ನು ಇನ್ನೊಬ್ಬರು ತಿದ್ದುತ್ತಾರೆ. ಅತ್ತೆಯ ಬಗ್ಗೆ ಸೊಸೆ ಹೇಳುವ ದೂರುಗಳಿದ್ದರೆ ಅವನ್ನೂ ಬರೆದುಕೊಳ್ಳಿ, ತೊಂಬತ್ತು ದಾಟಿದ ಗಟ್ಟಿ ಹೆಂಗಸು ಎಲ್ಲರಿಗೂ ಹಿತವಾಗಿದ್ದರೆಂದರೆ ಓದುಗರು ನಂಬುವುದಿಲ್ಲ. ಊರಿನ ಹಾಲಿನ ಸಂಘದಲ್ಲಿ ಹಳೆಯ ಪುಸ್ತಕ ಉಳಿದಿದ್ದರೆ ಅವರು ಹಾಕಿದ ಹಾಲು ಹೊತ್ತುಹೊತ್ತಿಗೂ ಅಂಕಿಯಲ್ಲಿ ಸಿಗಬಹುದು. ಪುಸ್ತಕ ನಿಮ್ಮ ತಮ್ಮನ ಹೆಸರಿನಲ್ಲಿದ್ದರೆ ಆಶ್ಚರ್ಯಪಡಬೇಡಿ. ಬೀಸುವಾಗ ಹಾಡುತ್ತಿದ್ದ ಪದಗಳಲ್ಲಿ ಅಕ್ಕನವರಿಗೆ ಬರುವಷ್ಟನ್ನು ಅವರ ಬಾಯಲ್ಲಿ ಬಂದ ಹಾಗೆಯೇ, ತಿದ್ದದೆ, ಬರೆದುಕೊಳ್ಳಿ.

ಪುಟದ ಮಿತಿ ಹಾಕುವುದಿಲ್ಲ. ಈ ಸಲ ಬರಹ ನೇರವಾಗಿ ನನ್ನ ಮೇಜಿಗೇ ಬರುವಂತೆ ಲಕೋಟೆಯ ಮೇಲೆ ಬರೆದು ಕಳಿಸಿ. ಜೊತೆಗೆ ಇನ್ನೊಂದು ವಿಷಯ ತಿಳಿಸಿ: ಆ ಸೋರೆಬುರುಡೆ ಅಟ್ಟದ ಮೇಲೆ ಇನ್ನೂ ಇದೆಯೇ, ಇದ್ದರೆ ಅದರೊಳಗಿನ ಅವರೆ ಯಾವ ವರ್ಷದ್ದು, ಮುಂದಿನ ಆರಿದ್ರ ಮಳೆಗೆ ಅದನ್ನು ಯಾರು ಬಿತ್ತುತ್ತಾರೆ?

— ಸಂಪಾದಕ