ಚೀಲ ಇರಲಿ ಅಕ್ಕ, ಮೊದಲು ಮನೆ ಹಿಂದಿನ ಬರೆ ನೋಡಿ

ಪತ್ರ: "ನಮ್ಮ ವಾರ್ಡಿನ ಕುಟುಂಬಶ್ರೀ (ಹೆಂಗಸರ ಸ್ವಸಹಾಯ ಸಂಘ) ಸಭೆಯಲ್ಲಿ ಮಳೆಗಾಲದ ತುರ್ತು ಚೀಲದ ಬಗ್ಗೆ ಹೇಳಿದರು. ಟಾರ್ಚ್, ಸಣ್ಣ ರೇಡಿಯೋ, ಕುಡಿಯುವ ನೀರು, ಒಆರ್‌ಎಸ್, ಮದ್ದು, ಮುಖ್ಯ ದಾಖಲೆಗಳು ಎಲ್ಲ ಒಂದೇ ಚೀಲದಲ್ಲಿ ಇರಬೇಕಂತೆ. ನಾನು ತುಂಬಿಸಿ ಇಟ್ಟೆ. ಮನೆಯವರೆಲ್ಲ ನಗುತ್ತಾರೆ. 'ಅಜ್ಜನ ಕಾಲದಿಂದ ಇಲ್ಲಿ ಏನೂ ಆಗಿಲ್ಲ, ವಯನಾಡು ಬೇರೆ, ನಮ್ಮ ಊರು ಬೇರೆ' ಅಂತಾರೆ ಮಾವ. ಕಳೆದ ವರ್ಷ ಅಂಗಳ ಅಗಲ ಮಾಡಲು ಹಿಂದಿನ ಗುಡ್ಡೆ ಸ್ವಲ್ಪ ತೆಗೆಸಿದ್ದು ಬಿಟ್ಟರೆ ನಮ್ಮ ಜಾಗದಲ್ಲಿ ಏನೂ ಬದಲಾಗಿಲ್ಲ. ಈ ಚೀಲ ಬೇಕಾ, ಬೇಡವಾ?" (ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪದ ಓದುಗರು)

ಉತ್ತರ: ಚೀಲ ಬೇಕು ಅಕ್ಕ. ಇಷ್ಟು ಬರೆದು ಪೆನ್ನು ಕೆಳಗಿಡಬಹುದಿತ್ತು. ಆದರೆ ಚೀಲದ ಬಗ್ಗೆ ಅಷ್ಟೆಲ್ಲ ವಿವರ ಬರೆದು, ಗುಡ್ಡೆ ತೆಗೆಸಿದ್ದನ್ನು "ಬಿಟ್ಟರೆ" ಅಂತ ಅರ್ಧ ಸಾಲಿನಲ್ಲಿ ದಾಟಿಸಿಬಿಟ್ಟಿರಲ್ಲ, ನನಗೆ ಮತ್ತೆ ಮುಂದೆ ಓದಲು ಆಗಲಿಲ್ಲ. ಎಷ್ಟು ಎತ್ತರ ತೆಗೆಸಿದಿರಿ? ಮೇಲಿನಿಂದ ಕೆಳಗಿನವರೆಗೆ ನೇರ ಕಡಿಸಿದಿರಾ, ಮೆಟ್ಟಿಲು ಮೆಟ್ಟಿಲಾಗಿ ಬಿಟ್ಟಿರಾ? ಅದರ ನೆತ್ತಿಯ ಮೇಲೆ ಬಿದ್ದ ಮಳೆನೀರು ಈಗ ಯಾವ ಕಡೆ ಹೋಗುತ್ತದೆ? ಇದು ಯಾವುದೂ ನಿಮ್ಮ ಪತ್ರದಲ್ಲಿಲ್ಲ. ನಿಮ್ಮೊಬ್ಬರ ಕಥೆಯಲ್ಲ ಇದು. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾರ ಮನೆಗೆ ಹೋದರೂ ಹೊಸ ಟೈಲ್ಸ್ ತೋರಿಸುತ್ತಾರೆ, ಹಿತ್ತಲಿನ ಬರೆ, ಅಂದರೆ ಗುಡ್ಡೆ ಕಡಿದಲ್ಲಿ ನಿಂತ ಮಣ್ಣಿನ ಗೋಡೆ, ತೋರಿಸುವವರಿಲ್ಲ.

ಮಾವನವರು ಹೇಳಿದ್ದರಲ್ಲಿ ಸತ್ಯ ಇದೆ, ಒಪ್ಪುತ್ತೇನೆ. 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲೆಯಲ್ಲಿ ಆದದ್ದು ಎತ್ತರದ ಬೆಟ್ಟದಿಂದ ಕಲ್ಲು, ಮಣ್ಣು, ಮರ ಎಲ್ಲ ಒಟ್ಟಾಗಿ ಹೊಳೆಯ ಗುಂಟ ಕಿಲೋಮೀಟರುಗಟ್ಟಲೆ ಇಳಿದು ಬಂದದ್ದು. ನಿಮ್ಮ ಊರಿನ ಗುಡ್ಡೆಗೆ ಅಷ್ಟು ಎತ್ತರ ಇಲ್ಲ. ಆದರೆ ಒಂದು ಮನೆ ಮುಚ್ಚಿಹೋಗಲು ಬೆಟ್ಟ ಯಾಕೆ ಬೇಕು? 2025ರ ಮೇ ಕೊನೆಯಲ್ಲಿ ತಲಪಾಡಿ ದಾಟಿದರೆ ಸಿಗುವ ಮಂಜನಾಡಿಯ ಮೊಂಟೆಪದವಿನಲ್ಲಿ ಮನೆಯ ಮೇಲೆ ಗುಡ್ಡ ಜರಿದು ಅಜ್ಜಿ ಮತ್ತು ಇಬ್ಬರು ಪುಟ್ಟ ಮಕ್ಕಳು ತೀರಿಹೋದರು. ಅದು ವಯನಾಡಲ್ಲ. ನಿಮ್ಮ ಹಾಗೇ ತುಳು, ಕನ್ನಡ ಮಾತಾಡುವ, ಅಡಿಕೆ ಸುಲಿಯುವ ಜನರ ಊರು.

"ಅಜ್ಜನ ಕಾಲದಿಂದ ಏನೂ ಆಗಿಲ್ಲ" ಅನ್ನುವುದೂ ನಿಜವೇ. ಯಾಕೆಂದರೆ ಅಜ್ಜ ಗುಡ್ಡೆ ಕಡಿಯಲಿಲ್ಲ. ಅವರ ಕೈಯಲ್ಲಿ ಇದ್ದದ್ದು ಪಿಕ್ಕಾಸು, ಕೊಟ್ಟು (ಗುದ್ದಲಿ). ಅದರಲ್ಲಿ ಎಷ್ಟು ಅಗೆಯಬಹುದೋ ಅಷ್ಟೇ ಅಂಗಳ ಮಾಡಿಕೊಂಡರು. ಈಗ ಜೆಸಿಬಿ ಬೆಳಿಗ್ಗೆ ಬಂದರೆ ಮಧ್ಯಾಹ್ನದ ಊಟದ ಹೊತ್ತಿಗೆ ಎರಡಾಳು ಎತ್ತರದ ಗೋಡೆ ಕಡಿದು ಕೊಡುತ್ತದೆ. ಕಡಿಯುವುದು ಬೇಸಗೆಯಲ್ಲಿ. ಆಗ ಬರೆ ಹಲಗೆ ಹಾಗೆ ನೆಟ್ಟಗೆ ನಿಲ್ಲುತ್ತದೆ, ನೋಡಲು ಚಂದ. ಮೇಲಿನ ನಾಲ್ಕೈದು ಅಡಿ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ) ಕಂಡು ಎಲ್ಲರಿಗೂ ಧೈರ್ಯ ಬರುತ್ತದೆ. ಅದರ ಅಡಿಯಲ್ಲಿ ಬಿಳಿ, ನಸುಗೆಂಪು ಬಣ್ಣದ ನುಣ್ಣನೆ ಮಣ್ಣು ಇರುತ್ತದಲ್ಲ, ಶೇಡಿ ಮಣ್ಣು, ಅಪಾಯ ಇರುವುದು ಅದರಲ್ಲಿ. ಒಣಗಿದಾಗ ಉಗುರು ಇಳಿಯುವುದಿಲ್ಲ, ನೀರು ಕುಡಿದರೆ ದೋಸೆ ಹಿಟ್ಟು. ಅಡಿ ಜಾರಿದ ಮೇಲೆ ಮೇಲಿನ ಮುರಕಲ್ಲು ಎಷ್ಟು ಗಟ್ಟಿ ಇದ್ದರೇನು, ದಿಮ್ಮಿ ದಿಮ್ಮಿಯಾಗಿ ಬೀಳುತ್ತದೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಹತ್ತಿರ ಹತ್ತಿರ 3500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನೀರೆಲ್ಲ ಹೋಗಬೇಕಲ್ವಾ ಎಲ್ಲಿಗಾದರೂ?

ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಸುರಂಗ ಕೊರೆಯುವವರನ್ನು ಕೇಳಿ ನೋಡಿ. ಮಾರ್ಚ್, ಏಪ್ರಿಲ್‌ನಲ್ಲೂ ಸುರಂಗದ ಬಾಯಲ್ಲಿ ಬೆರಳು ದಪ್ಪದ ನೀರು ಬರುತ್ತದೆ ಅಂತ ನಾವು ಹೆಮ್ಮೆಯಿಂದ ಬರೆಯುತ್ತೇವೆ, ದೂರದ ಊರಿನವರನ್ನು ಕರೆತಂದು ತೋರಿಸುತ್ತೇವೆ. ಗುಡ್ಡದ ಒಳಗೆ ಬೇಸಗೆಯಲ್ಲೇ ಅಷ್ಟು ನೀರಿದ್ದರೆ ಆಟಿ ತಿಂಗಳ ಜೋರು ಮಳೆಯಲ್ಲಿ ಎಷ್ಟಿರಬೇಡ! ಆ ನೀರು ಒಳಗಿನಿಂದ ನಿಮ್ಮ ಬರೆಯನ್ನು ದೂಡುತ್ತಾ ಇರುತ್ತದೆ.

ನನ್ನ ಅತ್ತೆ ಒಬ್ಬರಿದ್ದರು, ಶಿರಿಯ ಹೊಳೆಯ ಬದಿಯ ಬೈಲಿನಲ್ಲಿ. ಓದು ಬರಹ ಇಲ್ಲ. ಮೊದಲ ಜೋರು ಮಳೆ ಬಂದಾಗ ಉಳಿದವರೆಲ್ಲ ಒಳಗೆ ಓಡಿದರೆ ಅವರು ತಲೆ, ಬೆನ್ನಿಗೆ ಓಲೆಯ ಗೊರಬೆ ಹಾಕಿಕೊಂಡು ಹೊರಗೆ ಇಳಿಯುತ್ತಿದ್ದರು. ಕೈಯಲ್ಲಿ ಕೊಟ್ಟು. ನೇರ ಮನೆಯ ಹಿಂದಿನ ಏರಿಗೆ ಹತ್ತಿ ಅಲ್ಲೇ ನಿಲ್ಲುವುದು. ನೀರು ಯಾವ ಕಡೆಯಿಂದ ಬಂತು, ತರಗೆಲೆ ಎಲ್ಲಿ ಕಟ್ಟಿತು, ಅಗಳು (ಆಳದ ಕಾಲುವೆ) ತುಂಬಿ ಎಲ್ಲಿ ಉಕ್ಕಿತು ಅಂತ ನೋಡಿ, ಅಲ್ಲಲ್ಲಿ ಎರಡೆರಡು ಕೊಟ್ಟು ಮಣ್ಣು ಎಳೆದು ದಾರಿ ಬಿಡಿಸುವುದು. ಕಾಲಿಗೆ ಇಂಬಳ (ಜಿಗಣೆ) ಹಿಡಿದರೂ ಲೆಕ್ಕ ಇಲ್ಲ. ಒಳಗೆ ಬಂದ ಮೇಲೆ ಉಪ್ಪು ಹಾಕಿ ಕಿತ್ತು, ಕಾಪಿ ಕುಡಿದು, "ಇನ್ನು ನಿದ್ದೆ ಮಾಡಬಹುದು" ಅನ್ನುವರು. ಈಗ ಮೊದಲ ಮಳೆ ಬಂದರೆ ನಾವು ವಿಡಿಯೋ ಮಾಡಿ ಸ್ಟೇಟಸ್ ಹಾಕುತ್ತೇವೆ.

ಪತ್ತನಾಜೆಗೆ (ತುಳುವರ ಬೇಶ ತಿಂಗಳ ಹತ್ತನೆಯ ದಿನ) ಮೊದಲು ಅಗಳು, ಕಣಿ ಬಿಡಿಸಿರಬೇಕು ಅನ್ನುವುದು ಸುಮ್ನೆ ಆದ ಪದ್ಧತಿಯಲ್ಲ. 2025ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದು ಮೇ 24ಕ್ಕೆ, ಸರಿಯಾಗಿ ಪತ್ತನಾಜೆಯ ಹೊತ್ತಿಗೆ. ಜೂನ್ ಒಂದಕ್ಕೆ ತಾನೇ ಬರುವುದು ಅಂತ ಕ್ಯಾಲೆಂಡರ್ ನೋಡಿ ಕುಳಿತವರ ಕಣಿಯಲ್ಲಿ ಆಗಲೂ ತರಗೆಲೆ, ಪ್ಲಾಸ್ಟಿಕ್ ತುಂಬಿಯೇ ಇತ್ತು.

ಹಾಗಾಗಿ ಅಕ್ಕ, ಮಳೆ ಬಿಟ್ಟ ಹೊತ್ತು ನೋಡಿ ಮಾವನವರನ್ನೂ ಕರೆದುಕೊಂಡು ಬದಿಯ ದಾರಿಯಿಂದ ಬರೆಯ ಮೇಲಕ್ಕೆ ಹೋಗಿ. ತೀರಾ ಅಂಚಿಗೆ ಹೋಗಬೇಡಿ. ನೆಲದಲ್ಲಿ ಬಿರುಕು ಇದೆಯಾ? ಅಡಿಕೆ ಮರವೋ ಕರೆಂಟ್ ಕಂಬವೋ ಮೊದಲಿಗಿಂತ ವಾಲಿದೆಯಾ? ಬರೆಯ ಬುಡದಲ್ಲಿ ಹೊಸದಾಗಿ ಒರತೆ ಎದ್ದಿದೆಯಾ, ತಿಳಿಯಾಗಿ ಬರುತ್ತಿದ್ದ ನೀರು ಇದ್ದಕ್ಕಿದ್ದಂತೆ ಕದಡಿ ಬರುತ್ತಿದೆಯಾ? ಇದರಲ್ಲಿ ಒಂದು ಕಂಡರೂ ಆ ರಾತ್ರಿ ಆ ಮನೆಯಲ್ಲಿ ಮಲಗಬೇಡಿ. ಏನೂ ಕಾಣದಿದ್ದರೂ ರೆಡ್ ಅಲರ್ಟ್ ಇದ್ದ ದಿನ ಗುಡ್ಡೆ ಬದಿಯ ಕೋಣೆ ಖಾಲಿ ಇರಲಿ. ಇಪ್ಪತ್ತನಾಲ್ಕು ಗಂಟೆಯಲ್ಲಿ 204 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರಬಹುದು ಅಂದಾಗ ಕೊಡುವ ಎಚ್ಚರಿಕೆ ಅದು. ಯಾರ ಮನೆಗೆ ಹೋಗುವುದು ಅಂತ ಈಗಲೇ ಮಾತಾಡಿಟ್ಟುಕೊಳ್ಳಿ, ನೆರೆಮನೆಯವರೊಡನೆ ಜಗಳ ಇದ್ದರೆ ಅದನ್ನು ಮಳೆಗಾಲದ ಮೊದಲೇ ಮುಗಿಸುವುದು ಒಳ್ಳೆಯದು. ಬರೆಯ ತಲೆಯ ಮೇಲೆ, ಅಂಚಿನಿಂದ ಹಿಂದಕ್ಕೆ ಒಂದು ಕಣಿ ತೆಗೆಸಿ, ಮೇಲಿನ ನೀರು ಬರೆಗೆ ಇಳಿಯದ ಹಾಗೆ ಬದಿಗೆ ತಿರುಗಿಸಿ. ತಡೆಗೋಡೆ ಕಟ್ಟಿಸುವುದಾದರೆ ಗೋಡೆಯಲ್ಲಿ ಪೈಪು ಇಟ್ಟು ನೀರಿಗೆ ದಾರಿ ಬಿಡಲು ಹೇಳಿ. ದಾರಿ ಇಲ್ಲದ ಗೋಡೆ ಹಿಂದಿನ ನೀರಿನ ಭಾರಕ್ಕೆ ತಾನೇ ಮಗುಚುತ್ತದೆ.

ಇನ್ನೊಂದು ಮಾತಿಗೆ ಕೆಲವು ಓದುಗರಿಗೆ ಸಿಟ್ಟು ಬರಬಹುದು. ನೀರಿಂಗಿಸಿ, ನೀರಿಂಗಿಸಿ ಅಂತ ಇದೇ ಪತ್ರಿಕೆಯಲ್ಲಿ ನಾವು ಎಷ್ಟೋ ಬರೆದಿದ್ದೇವೆ, ಇನ್ನೂ ಬರೆಯುತ್ತೇವೆ. ಆದರೆ ಕಡಿದ ಬರೆಯ ನೆತ್ತಿಯಲ್ಲಿ ಇಂಗುಗುಂಡಿ ತೋಡಬೇಡಿ. ತೋಟದಲ್ಲಿ, ಬಯಲಲ್ಲಿ ಇಂಗಿಸಿ. ಮನೆಯ ಹಿಂದೆ ಹರಿದು ಹೋಗಲು ಬಿಡಿ.

ಚೀಲದ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ನೀವು ಬರೆದ ಪಟ್ಟಿ ಸರಿಯಾಗಿದೆ. ಪವರ್ ಬ್ಯಾಂಕ್, ಮಾವನವರ ಬಿಪಿ ಮಾತ್ರೆ, ಒಂದು ಸೀಟಿ ಸೇರಿಸಿ. ದಾಖಲೆಗಳು ಪ್ಲಾಸ್ಟಿಕ್ ಲಕೋಟೆಯಲ್ಲಿ ಇರಲಿ. 1077 ಅನ್ನುವ ಜಿಲ್ಲೆಯ ತುರ್ತು ನಂಬರನ್ನು ಗೋಡೆಗೆ ಅಂಟಿಸಿ. ನಗುವವರು ನಗಲಿ, ನಿಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ನೀವೊಬ್ಬರೇ.

ಆದರೆ ಮನೆಯವರನ್ನು ಮಾತ್ರ ಬೈದು ಕೂರುವುದು ನ್ಯಾಯ ಅಲ್ಲ. ನಿಮ್ಮ ಅಂಗಳಕ್ಕೆ ಕಡಿದದ್ದು ಎಷ್ಟು, ರಸ್ತೆಗೆ ಕಡಿದದ್ದು ಎಷ್ಟು? ತಲಪಾಡಿಯಿಂದ ತೆಂಕಕ್ಕೆ ಹೆದ್ದಾರಿ 66ರಲ್ಲಿ ಹೋಗುವಾಗ ಎರಡೂ ಬದಿ ನೋಡಿ. 2025ರ ಮಳೆಗೆ ಚೆರ್ಕಳದ ಬೇವಿಂಜೆಯಲ್ಲೂ ಚೆರುವತ್ತೂರಿನ ವೀರಮಲೆಯಲ್ಲೂ ಗುಡ್ಡ ರಸ್ತೆಗೆ ಇಳಿಯಿತು. ಅದಕ್ಕೆ ಹಿಂದಿನ ವರ್ಷ ಇದೇ ಹೆದ್ದಾರಿಯಲ್ಲಿ, ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ಎಲ್ಲರಿಗೂ ಗೊತ್ತು. ದೊಡ್ಡವರು ದೊಡ್ಡ ಯಂತ್ರದಲ್ಲಿ ನೇರ ಕಡಿಯುವುದನ್ನು ದಿನಾ ನೋಡುವವನು ತನ್ನ ಹಿತ್ತಲಲ್ಲೂ ಹಾಗೇ ಕಡಿಸುತ್ತಾನೆ.

ಕೊನೆಗೆ ನನ್ನ ಹಳೇ ಹೊಟ್ಟೆಯುರಿ. ಫೋನಿಗೆ, ವಾಟ್ಸ್ಆ್ಯಪ್ ಗುಂಪಿಗೆ ನಮಗೆ ಬಂದು ಮುಟ್ಟುವ ಮಳೆ ಎಚ್ಚರಿಕೆ ಹೆಚ್ಚಾಗಿ ಮಲಯಾಳದಲ್ಲಿ, ಇಲ್ಲದಿದ್ದರೆ ಇಂಗ್ಲಿಷಿನಲ್ಲಿ. ನಮ್ಮ ಕಡೆಯ ಅಜ್ಜಿಯಂದಿರಿಗೆ ಮಲಯಾಳ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಮೊಮ್ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ. ಹಾಗಾದರೆ ರಾತ್ರಿ ಹನ್ನೊಂದಕ್ಕೆ ಬಂದ ಕಿತ್ತಳೆ, ಕೆಂಪು ಓದಿ ಹೇಳುವವರು ಯಾರು? ಬಸ್ಸಿನ ಬೋರ್ಡು ಕನ್ನಡದಲ್ಲಿ ಇಲ್ಲದಿದ್ದರೆ ಬಸ್ಸು ತಪ್ಪಬಹುದು, ಇದು ಅಷ್ಟರಲ್ಲೇ ಮುಗಿಯುವ ವಿಷಯವಲ್ಲ. ಕೇರಳದ 1969ರ ಭಾಷಾ ಕಾನೂನಿನಲ್ಲೇ ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಅಂತ ಇದೆ. ನಾವು ಬರೆದರೆ ತಾನೇ!

ಅದನ್ನೂ ನೀವೇ ಶುರು ಮಾಡಿ ಅಕ್ಕ. ನಿಮ್ಮ ಕುಟುಂಬಶ್ರೀಯವರೆಲ್ಲ ಸಹಿ ಹಾಕಿ, ನಮ್ಮ ವಾರ್ಡಿನ ಬರೆಗಳನ್ನು ಒಮ್ಮೆ ಬಂದು ನೋಡಿ, ಎಚ್ಚರಿಕೆಯನ್ನು ಕನ್ನಡದಲ್ಲೂ ಕಳಿಸಿ ಅಂತ ಜಿಲ್ಲಾಧಿಕಾರಿಗೆ ಒಂದು ಅರ್ಜಿ ಬರೆಯಿರಿ. ಅದರ ಒಂದು ಪ್ರತಿ ನನಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ. ಉತ್ತರ ಬಂದರೆ ಅದನ್ನೂ, ಬರದಿದ್ದರೆ ಬರಲಿಲ್ಲ ಅಂತಲೂ.